ನೂರು ಕೋಟಿ ಏಳಾ, 998244353ಆ? ಕೋಡ್‌ಗೆ ಯಾವ ದೊಡ್ಡ ಪ್ರೈಮ್ ಹಾಕೋದು

ಮೊನ್ನೆ ರಾತ್ರಿ ಹನ್ನೊಂದೂವರೆಗೆ ಅಕ್ಕನ ಮಗನ ಫೋನು. ಇಂಜಿನಿಯರಿಂಗ್ ಮೂರನೇ ಸೆಮಿಸ್ಟರ್, ಆನ್‌ಲೈನ್ ಕೋಡಿಂಗ್ ಸ್ಪರ್ಧೆಗಳ ಹುಚ್ಚು ಹೊಸದಾಗಿ ಹಿಡಿದಿದೆ. “ಮಾಮ, ಉತ್ತರ ಮಾಡ್ 998244353ರಲ್ಲಿ ಕೊಡಿ ಅಂತ ಇದೆ. ಯಾವಾಗ್ಲೂ 1000000007 ಇರತ್ತಲ್ವಾ? ಇದ್ಯಾವುದು ಲಾಟರಿ ನಂಬರ್ ಥರ? ಎರಡೂ ಪ್ರೈಮೇ ತಾನೇ, ಯಾವುದಾದ್ರೆ ಏನು?”

ಎರಡೂ ಪ್ರೈಮ್ ಹೌದು, ಅಂದರೆ ಶಾಲೆಯಲ್ಲಿ ಓದಿದ ಅದೇ ಅವಿಭಾಜ್ಯ ಸಂಖ್ಯೆ. ಮಾಡ್ ಅಂದರೆ ಆ ಸಂಖ್ಯೆಯಿಂದ ಭಾಗಿಸಿದಾಗ ಉಳಿಯುವ ಶೇಷದ ಲೆಕ್ಕ. ಆದರೆ “ಯಾವುದಾದ್ರೆ ಏನು” ಅನ್ನುವುದು ತಪ್ಪು. ಅದೇ ತಪ್ಪನ್ನು ನಾನೂ ಮಾಡಿ ಒಂದು ಇಡೀ ಮಧ್ಯಾಹ್ನ ಕಳೆದುಕೊಂಡಿದ್ದೇನೆ, ಆ ಕಥೆ ಮುಂದೆ ಬರುತ್ತದೆ. ಅವನಿಗೆ ಫೋನಿನಲ್ಲಿ ಹೇಳಿದ್ದನ್ನೇ ಸ್ವಲ್ಪ ಸರಿಮಾಡಿ ಇಲ್ಲಿ ಬರೆಯುತ್ತಿದ್ದೇನೆ.

ಅವಸರದಲ್ಲಿ ಇರುವವರು ಇಷ್ಟು ಓದಿ ಹೋಗಬಹುದು. ಎಷ್ಟು ರೀತಿಯಲ್ಲಿ ಆಗುತ್ತದೆ ಅಂತ ಎಣಿಸುವ ಸಾದಾ ಲೆಕ್ಕಕ್ಕೆ 1000000007 ಸಾಕು. ಪಾಲಿನಾಮಿಯಲ್ (ಬಹುಪದೋಕ್ತಿ) ಗುಣಾಕಾರ ಬೇಕಾದರೆ 998244353, ಬೇರೆ ಮಾತೇ ಇಲ್ಲ. ಸ್ಟ್ರಿಂಗ್ ಹ್ಯಾಶ್ ಮಾಡುವುದಾದರೆ, ಅಂದರೆ ಅಕ್ಷರಗಳ ಸಾಲನ್ನು ಹೋಲಿಸಲು ಸುಲಭವಾಗುವಂತೆ ಒಂದು ಸಂಖ್ಯೆಗೆ ಇಳಿಸುವುದಾದರೆ, 2⁶¹ − 1. ಪಾಸ್‌ವರ್ಡ್, ಕೀ, ಸಹಿ ಇಂಥದ್ದಕ್ಕೆ ಈ ಮೂರರಲ್ಲಿ ಯಾವುದೂ ಅಲ್ಲ, ಕೈ ಕೂಡ ಹಾಕಬೇಡಿ.

ಯಾಕೆ ಅಂತ ಗೊತ್ತಾಗಬೇಕಾದರೆ ಪ್ರೈಮನ್ನೇ ದಿಟ್ಟಿಸಿ ನೋಡುತ್ತಾ ಕೂರಬೇಡಿ. ಅದರಲ್ಲಿ ಒಂದು ಕಳೆಯಿರಿ. ಬಂದ ಸಂಖ್ಯೆಯನ್ನು ಅಪವರ್ತನಗಳಾಗಿ ಒಡೆಯಿರಿ. ಪ್ರೈಮಿನ ಜಾತಕ ಇರುವುದು ಅಲ್ಲಿ.

ಮೊದಲು, ಪ್ರೈಮೇ ಯಾಕೆ

ಉತ್ತರ ತುಂಬಾ ದೊಡ್ಡದಾದಾಗ ಶೇಷವನ್ನು ಮಾತ್ರ ಕೇಳುತ್ತಾರೆ. ಹಾಗಿದ್ದರೆ ಸುಮ್ನೆ 1000000000ದಿಂದ ಭಾಗಿಸಿ ಶೇಷ ಕೇಳಬಹುದಿತ್ತು, ಕೊನೆಯ ಒಂಬತ್ತು ಅಂಕಿ ಬರೆದರೆ ಮುಗಿಯಿತು. ತೊಂದರೆ ಏನೆಂದರೆ ಅಲ್ಲಿ 2ರಿಂದ ಭಾಗಿಸಲು ಆಗುವುದಿಲ್ಲ. ಯಾವ ಸಂಖ್ಯೆಯನ್ನು 2ರಿಂದ ಗುಣಿಸಿದರೂ ಕೊನೆಗೆ 1 ಬರುವುದಿಲ್ಲ, ಸಮಸಂಖ್ಯೆಯೇ ಬರುತ್ತದೆ. ಮಾಡ್ ಪ್ರೈಮ್ ಆಗಿದ್ದರೆ ಸೊನ್ನೆ ಬಿಟ್ಟು ಯಾವುದರಿಂದ ಬೇಕಾದರೂ ಭಾಗಿಸಬಹುದು.

ಮಾಡ್ 1000000007ರಲ್ಲಿ ಅರ್ಧ ಅಂದರೆ 500000004, ಅದನ್ನು ದುಪ್ಪಟ್ಟು ಮಾಡಿದರೆ 1000000008, ಶೇಷ 1. ಮೂರನೇ ಒಂದು ಭಾಗ ಅಂದರೆ 333333336. ಆರನೇ ಒಂದು ಭಾಗ 166666668. ಸ್ವಲ್ಪ ದಿನ ಈ ಆಟ ಆಡಿದವರಿಗೆ ಔಟ್‌ಪುಟ್‌ನಲ್ಲಿ 500000004 ಕಂಡ ತಕ್ಷಣ “ಓ, ಇದು ಅರ್ಧ” ಅಂತ ಗೊತ್ತಾಗಿಬಿಡುತ್ತದೆ, ಹಳೆಯ ಅಂಗಡಿಯವರು ನೋಟಿನ ಕಟ್ಟು ಮುಟ್ಟಿ ನೋಡಿಯೇ ಎಷ್ಟಿದೆ ಅಂತ ಹೇಳುವ ಹಾಗೆ. 998244353ರಲ್ಲಿ ಅರ್ಧ ಅಂದರೆ 499122177. ಇದೂ ಕ್ರಮೇಣ ಕಣ್ಣಿಗೆ ರೂಢಿಯಾಗುತ್ತದೆ.

ಯಾವ ಸಂಖ್ಯೆಯ ವಿಲೋಮ (ಅದರಿಂದ ಗುಣಿಸಿದರೆ ಶೇಷ 1 ಬರುವ ಸಂಖ್ಯೆ) ಬೇಕಾದರೂ ಫರ್ಮಾನ ಚಿಕ್ಕ ಪ್ರಮೇಯ ಕೊಡುತ್ತದೆ, ಆ ಸಂಖ್ಯೆಯನ್ನು ಪಿ − 2 ಘಾತಕ್ಕೆ ಏರಿಸಿದರೆ ಆಯಿತು. (ಇಲ್ಲಿಂದ ಮುಂದೆ ಪ್ರೈಮನ್ನು ಪಿ ಅಂತ ಕರೆಯುತ್ತೇನೆ.) ಈ ವಿಷಯದಲ್ಲಿ ಎಲ್ಲ ಪ್ರೈಮ್‌ಗಳೂ ಸಮ, ಹೋಲಿಸುವಂಥದ್ದು ಏನೂ ಇಲ್ಲ.

ಗಾತ್ರದ ವಿಷಯಕ್ಕೆ ಬಂದರೆ, 1000000007 ಅನ್ನುವುದು ಹತ್ತು ಅಂಕಿಗಳ ಅತಿ ಚಿಕ್ಕ ಪ್ರೈಮ್. ನಮ್ಮ ಲೆಕ್ಕದಲ್ಲಿ ನೂರು ಕೋಟಿ ಏಳು. ನೆನಪಿಡಲು ಸುಲಭ, ಅಷ್ಟೇ ಅಲ್ಲ, ಅಳತೆಗೆ ಹೊಲಿಸಿದ ಅಂಗಿಯ ಹಾಗೆ ಕಂಪ್ಯೂಟರಿಗೆ ಕೂರುತ್ತದೆ. 32 ಬಿಟ್‌ನ ಸಾಮಾನ್ಯ ಇಂಟ್‌ನಲ್ಲಿ ಹಿಡಿಸುವುದು 2147483647ರವರೆಗೆ. ಎರಡು ಶೇಷಗಳನ್ನು ಕೂಡಿಸಿದರೆ ಜಾಸ್ತಿ ಅಂದರೆ 2000000012, ಓವರ್‌ಫ್ಲೋ ಇಲ್ಲ. ಎರಡನ್ನು ಗುಣಿಸಿದರೆ ಸುಮಾರು 10¹⁸, ಅದು 64 ಬಿಟ್‌ನಲ್ಲಿ ಆರಾಮಾಗಿ ಹಿಡಿಸುತ್ತದೆ. 998244353 ಇನ್ನೂ ಸ್ವಲ್ಪ ಚಿಕ್ಕದು, ಅದಕ್ಕೂ ಇದೇ ಮಾತು. ಅಲ್ಲಿಗೆ ಗಾತ್ರದಲ್ಲೂ ಇವೆರಡು ಸಮಸಮ.

ಒಂದು ಕಳೆದು ನೋಡಿದರೆ

ಈಗ ನಿಜವಾದ ವ್ಯತ್ಯಾಸ. ಎರಡರಲ್ಲೂ ಒಂದು ಕಳೆಯೋಣ.

1000000006 = 2 × 500000003. ಆ 500000003 ಮತ್ತೆ ಪ್ರೈಮ್. ಅಂದರೆ ಇದನ್ನು ಎರಡು ಹೋಳು ಮಾಡಬಹುದು, ಅಲ್ಲಿಗೆ ಮುಗಿಯಿತು, ಮುಂದೆ ಚಾಕು ಇಳಿಯುವುದೇ ಇಲ್ಲ.

998244352 = 2²³ × 7 × 17. ಇದನ್ನು ಪಂಚೆ ಮಡಚಿದ ಹಾಗೆ ಅರ್ಧ, ಅರ್ಧದ ಅರ್ಧ ಅಂತ ಇಪ್ಪತ್ತಮೂರು ಸಲ ಮಡಚಬಹುದು.

ಇದರಿಂದ ಏನಾಗುತ್ತದೆ ಅಂತ ನೋಡಲು ಇಷ್ಟು ದೊಡ್ಡ ಸಂಖ್ಯೆ ಬೇಡ. ಇವೆರಡರದೇ ಸ್ವಭಾವದ ಎರಡು ಮರಿಗಳನ್ನು ತೆಗೆದುಕೊಳ್ಳಿ, 23 ಮತ್ತು 17. ಒಂದು ಕಳೆದರೆ 22 = 2 × 11, ಮತ್ತು 16 = 2⁴. ಪೆನ್ನು ಹಾಳೆ ಹಿಡಿದು 2ರ ಘಾತಗಳನ್ನು ಬರೆಯುತ್ತಾ ಹೋಗಿ. ಮಾಡ್ 23ರಲ್ಲಿ 2, 4, 8, 16, 9, 18, 13, 3, 6, 12, ಆಮೇಲೆ 1. ಹನ್ನೊಂದು ಹೆಜ್ಜೆ ಇಟ್ಟ ಮೇಲೆ ಚಕ್ರ ಹೊರಟ ಜಾಗಕ್ಕೆ ಬಂತು. ಮಾಡ್ 17ರಲ್ಲಿ 2, 4, 8, 16, 15, 13, 9, 1, ಎಂಟೇ ಹೆಜ್ಜೆ. ಅದೇ 17ರಲ್ಲಿ 4ರ ಘಾತ ಬರೆದರೆ 4, 16, 13, 1, ನಾಲ್ಕು ಹೆಜ್ಜೆ. 16ರದಾದರೆ 16, 1, ಎರಡೇ.

ಚಕ್ರದ ಉದ್ದ ಯಾವತ್ತೂ ಪಿ − 1ನ್ನು ಭಾಗಿಸಲೇಬೇಕು, ನಿಯಮ ಇಷ್ಟೇ. ಹಾಗಾಗಿ 17ರ ಮನೆಯಲ್ಲಿ 2, 4, 8, 16 ಉದ್ದದ ಚಕ್ರಗಳೆಲ್ಲ ಸಿಗುತ್ತವೆ, 23ರ ಮನೆಯಲ್ಲಿ ತಲೆಕೆಳಗಾಗಿ ನಿಂತರೂ ನಾಲ್ಕರ ಚಕ್ರ ಸಿಗುವುದಿಲ್ಲ. ನಾಲ್ಕು 22ನ್ನು ಭಾಗಿಸುವುದಿಲ್ಲವಲ್ಲ!

ಇದನ್ನೇ ದೊಡ್ಡದು ಮಾಡಿ. ನೂರು ಕೋಟಿ ಏಳರಲ್ಲಿ ಸಿಗುವ ಚಕ್ರಗಳ ಉದ್ದ ನಾಲ್ಕೇ ನಾಲ್ಕು: 1, 2, 500000003, 1000000006. ಮಧ್ಯೆ ಏನೂ ಇಲ್ಲ. 998244353ರಲ್ಲಿ 2ರಿಂದ ಹಿಡಿದು 8388608ರವರೆಗೆ ಎರಡರ ಎಲ್ಲ ಘಾತಗಳ ಉದ್ದದ ಚಕ್ರಗಳೂ ಸಿಗುತ್ತವೆ.

ಗುಣಾಕಾರಕ್ಕೆ ಯಾವುದು: ನನ್ನ ಹಾಳಾದ ಮಧ್ಯಾಹ್ನ

ಒಂದೊಂದು ಲಕ್ಷ ಪದಗಳ ಎರಡು ಪಾಲಿನಾಮಿಯಲ್ ಗುಣಿಸಬೇಕು ಅಂದುಕೊಳ್ಳಿ. ಶಾಲೆಯಲ್ಲಿ ಕಲಿತ ಬಹುಪದೋಕ್ತಿ ಗುಣಾಕಾರದ ಥರ ಪ್ರತಿಯೊಂದನ್ನು ಪ್ರತಿಯೊಂದರಿಂದ ಗುಣಿಸಿದರೆ ಸಾವಿರ ಕೋಟಿ ಗುಣಾಕಾರ. ಎನ್‌ಟಿಟಿ ಅನ್ನುವ ವಿಧಾನದಲ್ಲಿ (ಎಫ್‌ಎಫ್‌ಟಿಯ ತಮ್ಮ, ದಶಮಾಂಶದ ಗಲಾಟೆ ಇಲ್ಲದವನು) ಪಟ್ಟಿಯನ್ನು ಸಮ ಸ್ಥಾನ, ಬೆಸ ಸ್ಥಾನ ಅಂತ ಎರಡು ಪಾಲು ಮಾಡಿ, ಪ್ರತಿ ಪಾಲನ್ನೂ ಮತ್ತೆ ಎರಡು ಮಾಡುತ್ತಾ ಹೋಗುತ್ತಾರೆ. 2¹⁸ ಅಂದರೆ 262144 ಉದ್ದದ ಪಟ್ಟಿ ಸಾಕಾಗುತ್ತದೆ. ಮುಖ್ಯ ಗುಣಾಕಾರಗಳು ಎಲ್ಲ ಸೇರಿ ಸುಮಾರು 71 ಲಕ್ಷದಲ್ಲಿ ಮುಗಿಯುತ್ತವೆ. ಸಾವಿರ ಕೋಟಿ ಎಲ್ಲಿ, 71 ಲಕ್ಷ ಎಲ್ಲಿ.

ಆದರೆ ಹೀಗೆ ಅರ್ಧ ಮಾಡುತ್ತಾ ಹೋಗಬೇಕಾದರೆ 262144 ಉದ್ದದ ಚಕ್ರ ಪ್ರೈಮಿನಲ್ಲಿ ಇರಲೇಬೇಕು. 998244353ರಲ್ಲಿ ಇದೆ, ಅದನ್ನು ಆರಿಸಿಕೊಂಡಿರುವುದೇ ಅದಕ್ಕೆ. ಅದರ ಪ್ರಿಮಿಟಿವ್ ರೂಟ್ 3, ಅಂದರೆ 3ರ ಘಾತಗಳು ಸೊನ್ನೆ ಬಿಟ್ಟು ಎಲ್ಲ ಶೇಷಗಳನ್ನೂ ಸುತ್ತಿ ಬರುತ್ತವೆ.

ನಾನು ಮಾಡಿದ ಘನಕಾರ್ಯ ಏನೆಂದರೆ, ಒಂದು ಸ್ಪರ್ಧೆಯಲ್ಲಿ ಮಾಡ್ 1000000007 ಕೇಳಿದ್ದರು, ನನ್ನ ಹತ್ತಿರ ಇದ್ದದ್ದು 998244353ಕ್ಕೆ ಬರೆದಿಟ್ಟ ಎನ್‌ಟಿಟಿ ಕೋಡ್. ಮೇಲಿನ ಒಂದು ಸಾಲಿನಲ್ಲಿ ಮಾಡ್ ಬದಲಾಯಿಸಿದೆ. 3 ಅಲ್ಲಿ ಪ್ರಿಮಿಟಿವ್ ರೂಟ್ ಅಲ್ಲ ಅಂತ ಗೊತ್ತಿತ್ತು, ಜಾಣತನ ತೋರಿಸಿ 5 ಹಾಕಿದೆ. ಅದು ಸರಿಯೇ, ನೂರು ಕೋಟಿ ಏಳಕ್ಕೆ ಅತಿ ಚಿಕ್ಕ ಪ್ರಿಮಿಟಿವ್ ರೂಟ್ 5. ಪ್ರಶ್ನೆಯ ಜೊತೆ ಕೊಟ್ಟಿದ್ದ ಮಾದರಿ ಉದಾಹರಣೆಯಲ್ಲಿ ಪಟ್ಟಿಯ ಉದ್ದ 2. ಓಡಿಸಿದೆ, ಉತ್ತರ ಸರಿ ಬಂತು. ಖುಷಿಯಲ್ಲಿ ಸಬ್ಮಿಟ್ ಮಾಡಿದೆ. ತಪ್ಪು. ಇನ್ನೊಮ್ಮೆ ನೋಡಿದೆ, ತಪ್ಪು. ಊಟ ಬಿಟ್ಟು ಹುಡುಕಿದೆ. ಇಂಡೆಕ್ಸ್ ನೋಡಿದೆ, ಓವರ್‌ಫ್ಲೋ ನೋಡಿದೆ, ಕೊನೆಗೆ ಕಂಪೈಲರ್ ಮೇಲೂ ಅನುಮಾನ ಬಂತು, ಅಷ್ಟರ ಮಟ್ಟಿಗೆ ತಲೆ ಕೆಟ್ಟಿತ್ತು.

ಉದ್ದ 2ರ ಚಕ್ರ ನೂರು ಕೋಟಿ ಏಳರಲ್ಲೂ ಇದೆಯಲ್ಲ, ಅದಕ್ಕೇ ಮಾದರಿ ಪಾಸಾಗಿತ್ತು. ಉದ್ದ 4 ಬಂದ ಕೂಡಲೇ ಕೋಡ್ 1000000006ನ್ನು 4ರಿಂದ ಭಾಗಿಸಿ, ಬಂದ 250000001.5ರಲ್ಲಿ ಅರ್ಧವನ್ನು ಸದ್ದಿಲ್ಲದೆ ನುಂಗಿ, ಯಾವುದೋ ಕೆಲಸಕ್ಕೆ ಬಾರದ ಘಾತ ಹಾಕಿಕೊಂಡು ಮುಂದೆ ಹೋಗಿತ್ತು. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ತಪ್ಪು ಉತ್ತರ ಮಾತ್ರ, ಅದೂ ಪೂರ್ತಿ ಆತ್ಮವಿಶ್ವಾಸದಿಂದ.

ಮಾಡ್ ನೂರು ಕೋಟಿ ಏಳೇ ಇರಬೇಕು, ಗುಣಾಕಾರವೂ ಬೇಕು ಅಂತ ಹಟ ಮಾಡಿದರೆ ದಾರಿ ಇದೆ. 998244353, 469762049 (= 7 × 2²⁶ + 1), 167772161 (= 5 × 2²⁵ + 1) ಈ ಮೂರರಲ್ಲೂ ಬೇರೆಬೇರೆಯಾಗಿ ಗುಣಿಸಿ, ಚೀನೀ ಶೇಷ ಪ್ರಮೇಯದಿಂದ ಪೂರ್ತಿ ಉತ್ತರ ಜೋಡಿಸಿ, ಆಮೇಲೆ ನೂರು ಕೋಟಿ ಏಳರ ಶೇಷ ತೆಗೆಯುವುದು. ಮೂರಕ್ಕೂ ಪ್ರಿಮಿಟಿವ್ ರೂಟ್ 3 ಅನ್ನುವುದು ಒಂದು ಅನುಕೂಲ. ಮೂರರ ಗುಣಲಬ್ಧ ಸುಮಾರು 7.87 × 10²⁵, ಐದು ಲಕ್ಷ ಪದಗಳಿದ್ದರೂ ನಿಜವಾದ ಉತ್ತರ 5 × 10²³ರ ಆಸುಪಾಸು ನಿಲ್ಲುತ್ತದೆ, ಹಾಗಾಗಿ ಜಾಗ ಸಾಕು. ಕೆಲಸ ಮೂರು ಪಟ್ಟು. ನನ್ನನ್ನು ಕೇಳಿದರೆ ಪ್ರಶ್ನೆ ನೀವೇ ಬರೆಯುತ್ತಿದ್ದರೆ ಜನರಿಗೆ ಈ ಶಿಕ್ಷೆ ಕೊಡಬೇಡಿ.

ಇನ್ನೂ ದೊಡ್ಡದು ಬೇಕಾದರೆ 2⁶⁴ − 2³² + 1 ಇದೆ, ಗೋಲ್ಡಿಲಾಕ್ಸ್ ಪ್ರೈಮ್ ಅಂತ ಕರೆಯುತ್ತಾರೆ. ಒಂದು ಕಳೆದರೆ 2³² × 3 × 5 × 17 × 257 × 65537. ಮೂವತ್ತೆರಡು ಮಡಿಕೆ! ಜೀರೋ ನಾಲೆಜ್ ಪ್ರೂಫ್ (ಗುಟ್ಟನ್ನು ಬಿಚ್ಚದೆಯೇ ಅದು ತನಗೆ ಗೊತ್ತು ಅಂತ ಸಾಬೀತು ಮಾಡುವ ವಿಧಾನ) ಬರೆಯುವವರಿಗೆ ಇದು ಬಲು ಇಷ್ಟ.

ಅವಳಿಗಳು: ಏಳು ಮತ್ತು ಒಂಬತ್ತು

1000000007ರ ಪಕ್ಕದಲ್ಲೇ 1000000009 ಇದೆ, ಅದೂ ಪ್ರೈಮ್. ಮಧ್ಯೆ ಒಂದೇ ಸಂಖ್ಯೆ, ಅಂದರೆ ಇವು ಅವಳಿ. ಸಾಮಾನ್ಯವಾಗಿ ಒಂಬತ್ತನ್ನು “ಏಳು ಸಾಲದಿದ್ದಾಗ ಇನ್ನೊಂದು” ಅಂತ ಮಾತ್ರ ಬಳಸುತ್ತಾರೆ. ಪಾಪ, ಅದಕ್ಕೂ ತನ್ನದೇ ಒಂದು ವಿದ್ಯೆ ಇದೆ.

ವರ್ಗಮೂಲ ನೋಡಿ. ಮಾಡ್ 1000000007ರಲ್ಲಿ 2ಕ್ಕೆ ವರ್ಗಮೂಲ ಇದೆ, 59713600. ಕ್ಯಾಲ್ಕುಲೇಟರಿನಲ್ಲಿ ವರ್ಗ ಮಾಡಿ, 3565714024960000 ಬರುತ್ತದೆ, 1000000007ರಿಂದ ಭಾಗಿಸಿದರೆ ಶೇಷ ಸರಿಯಾಗಿ 2. ಆದರೆ 5ಕ್ಕೆ ಅಲ್ಲಿ ವರ್ಗಮೂಲ ಇಲ್ಲವೇ ಇಲ್ಲ. ಇದ್ದಿದ್ದರೆ 5 ಪ್ರಿಮಿಟಿವ್ ರೂಟ್ ಆಗುತ್ತಲೇ ಇರಲಿಲ್ಲ, ಅರ್ಧ ಸುತ್ತಿಗೇ ವಾಪಸ್ ಬಂದುಬಿಡುತ್ತಿತ್ತು. ಮಾಡ್ 1000000009ರಲ್ಲಿ 5ರ ವರ್ಗಮೂಲ 383008016.

ಇದರಿಂದ ಯಾರಿಗೆ ಲಾಭ? ಫಿಬೊನಾಚಿ ಲೆಕ್ಕ ಮಾಡುವವರಿಗೆ. ಎನ್‌ನೇ ಫಿಬೊನಾಚಿ ಸಂಖ್ಯೆಗೆ √5 ಇರುವ ನೇರ ಸೂತ್ರ ಇದೆಯಲ್ಲ, ಅದರಲ್ಲಿ √5 ಜಾಗಕ್ಕೆ 383008016 ಹಾಕಿದರೆ ಒಂಬತ್ತರ ಮನೆಯಲ್ಲಿ ಪೂರ್ಣಾಂಕಗಳಲ್ಲೇ ಉತ್ತರ ಬರುತ್ತದೆ, ಮ್ಯಾಟ್ರಿಕ್ಸ್ ಬೇಡ. ಏಳರಲ್ಲಿ ಈ ಆಟ ನಡೆಯುವುದಿಲ್ಲ, 998244353ರಲ್ಲೂ ನಡೆಯುವುದಿಲ್ಲ. ಫಿಬೊನಾಚಿ ಮೇಲಿನ ಪ್ರಶ್ನೆಯಲ್ಲಿ ಮಾಡ್ 1000000009 ಅಂತ ಕಂಡರೆ ಕಿವಿ ನೆಟ್ಟಗೆ ಮಾಡಿಕೊಳ್ಳಿ, ಬರೆದವರು ಸುಳಿವು ಕೊಟ್ಟಿರುವ ಸಾಧ್ಯತೆ ಇದೆ.

ಹಾಗಂತ ಏಳನ್ನು ತೆಗೆದುಹಾಕಬೇಡಿ. ವರ್ಗಮೂಲ ಇದ್ದರೆ ಅದನ್ನು ಹುಡುಕುವುದು ಏಳರಲ್ಲೇ ಅತಿ ಸುಲಭ. 4ರಿಂದ ಭಾಗಿಸಿದರೆ 3 ಉಳಿಯುವ ಪ್ರೈಮ್‌ಗಳಲ್ಲಿ ಸಂಖ್ಯೆಯನ್ನು (ಪಿ + 1)/4 ಘಾತಕ್ಕೆ ಏರಿಸಿದರೆ ಸಾಕು, ಇಲ್ಲಿ ಅದು 250000002. ಒಂದೇ ಸಾಲಿನ ಕೋಡ್. 998244353ರಲ್ಲಿ 4ರಿಂದ ಭಾಗಿಸಿದರೆ 1 ಉಳಿಯುತ್ತದೆ, ಅಲ್ಲಿ ಟೊನೆಲ್ಲಿ–ಶಾಂಕ್ಸ್ ಅನ್ನುವ ಉದ್ದನೆಯ ವಿಧಾನ ಬೇಕು, ಅದೂ ಆ ಇಪ್ಪತ್ತಮೂರು ಮಡಿಕೆಗಳನ್ನು ಒಂದೊಂದೇ ಬಿಚ್ಚುತ್ತಾ. ಅದರ ಬದಲಿಗೆ ಸಿಗುವ ಒಂದು ವಿಚಿತ್ರ ಏನೆಂದರೆ ಅಲ್ಲಿ −1ಕ್ಕೂ ವರ್ಗಮೂಲ ಇದೆ. 86583718ರ ವರ್ಗಕ್ಕೆ 1 ಕೂಡಿಸಿದರೆ 998244353ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಏಳರ ಮನೆಯಲ್ಲಿ −1ಕ್ಕೆ ಆ ಭಾಗ್ಯ ಇಲ್ಲ.

ಹ್ಯಾಶ್‌ಗೆ: ಇಲ್ಲಿ ಮಾತ್ರ ಗಾತ್ರವೇ ಮುಖ್ಯ

ಇಲ್ಲಿಯವರೆಗೆ ಪಿ − 1 ನೋಡಿ ಅಂತ ಬಡಿದುಕೊಂಡೆ. ಸ್ಟ್ರಿಂಗ್ ಹ್ಯಾಶ್ ವಿಷಯಕ್ಕೆ ಬಂದರೆ ಆ ಮಾತನ್ನು ಸ್ವಲ್ಪ ಬದಿಗಿಡಬೇಕು.

ಒಂದು ಲಕ್ಷ ಸ್ಟ್ರಿಂಗ್‌ಗಳಿವೆ, ಎಲ್ಲವೂ ಬೇರೆಬೇರೆ, ಎಲ್ಲಕ್ಕೂ ಮಾಡ್ 1000000007ರಲ್ಲಿ ಹ್ಯಾಶ್ ತೆಗೆದಿರಿ. ಎರಡೆರಡರ ಜೋಡಿಗಳು ಎಷ್ಟು? ಸುಮಾರು 500 ಕೋಟಿ. ಹ್ಯಾಶ್ ಬೆಲೆಗಳು ಎಷ್ಟು? 100 ಕೋಟಿ. ಅಂದರೆ ಸರಾಸರಿ ಐದು ಜೋಡಿ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. “ನೂರು ಕೋಟಿಯಲ್ಲಿ ಒಂದು ಸಲ, ನಮಗೆಲ್ಲಿ ಆಗುತ್ತೆ” ಅಂದುಕೊಳ್ಳುವುದೇ ಮೋಸ. ಆಗೇ ಆಗುತ್ತದೆ.

ಸ್ಟ್ರಿಂಗ್ ಉದ್ದ ಇದ್ದರೆ ಖಾತ್ರಿ ಇನ್ನೂ ಸಡಿಲ. ಎರಡು ಬೇರೆ ಸ್ಟ್ರಿಂಗ್‌ಗಳ ಹ್ಯಾಶ್ ಒಂದೇ ಆಗಬೇಕಾದರೆ ನೀವು ಆರಿಸಿದ ಬೇಸ್ (ಪ್ರತಿ ಅಕ್ಷರವನ್ನೂ ಇದರ ಒಂದೊಂದು ಘಾತದಿಂದ ಗುಣಿಸಿ ಕೂಡಿಸಿದರೆ ಬರುವುದೇ ಹ್ಯಾಶ್) ಒಂದು ಪಾಲಿನಾಮಿಯಲ್‌ನ ಮೂಲ ಆಗಿರಬೇಕು, ಮಾಡ್ ಪ್ರೈಮ್ ಆಗಿದ್ದರೆ ಮೂಲಗಳ ಸಂಖ್ಯೆ ಅದರ ಘಾತವನ್ನು ಮೀರುವುದಿಲ್ಲ. ಹತ್ತು ಲಕ್ಷ ಅಕ್ಷರದ ಸ್ಟ್ರಿಂಗ್ ಆದರೆ ಹತ್ತು ಲಕ್ಷ ಕೆಟ್ಟ ಬೇಸ್‌ಗಳು ಇರಬಹುದು. ನೂರು ಕೋಟಿಯಲ್ಲಿ ಹತ್ತು ಲಕ್ಷ ಅಂದರೆ ಪ್ರತಿ ಜೋಡಿಗೂ ಸಾವಿರಕ್ಕೆ ಒಂದು. ಇದು ಕೆಟ್ಟ ಪಕ್ಷದ ಲೆಕ್ಕ, ಆದರೂ ಸಮಾಧಾನ ಕೊಡುವಂಥದ್ದಲ್ಲ.

ಹಳೆಯ ಪರಿಹಾರ ಏನೆಂದರೆ ಏಳು, ಒಂಬತ್ತು ಎರಡರಲ್ಲೂ ಹ್ಯಾಶ್ ತೆಗೆದು ಜೋಡಿಯಾಗಿ ಇಟ್ಟುಕೊಳ್ಳುವುದು. ಆಗ ಒಟ್ಟು ಬೆಲೆಗಳು ಸುಮಾರು 10¹⁸. ಕೆಲಸವೇನೋ ಮಾಡುತ್ತದೆ. ಆದರೆ 2⁶¹ − 1 ಒಂದೇ ಪ್ರೈಮ್, 2.3 × 10¹⁸, ಆ ಜೋಡಿಗಿಂತ ದುಪ್ಪಟ್ಟು ದೊಡ್ಡದು, ಜೊತೆಗೆ ಭಾಗಾಕಾರವೇ ಬೇಡ. 2⁶¹ ಅಂದರೆ ಅಲ್ಲಿ 1ಕ್ಕೆ ಸಮ. ಹಾಗಾಗಿ ದೊಡ್ಡ ಗುಣಲಬ್ಧದ ಕೆಳಗಿನ 61 ಬಿಟ್ ತೆಗೆದು ಅದಕ್ಕೆ ಮೇಲಿನ ಬಿಟ್‌ಗಳನ್ನು ಕೂಡಿಸಿ, ಮೀರಿದರೆ ಒಂದು ಸಲ ಪಿ ಕಳೆದರೆ ಶೇಷ ಸಿಕ್ಕಿತು. ಗುಣಲಬ್ಧಕ್ಕೆ 128 ಬಿಟ್ ಬೇಕು, ಈಗಿನ ಕಂಪೈಲರ್‌ಗಳಲ್ಲಿ ಅದು ದೊಡ್ಡ ವಿಷಯವಲ್ಲ.

ಇದನ್ನು ಪ್ರೈಮ್ ಅಂತ 1883ರಲ್ಲಿ ತೋರಿಸಿಕೊಟ್ಟವರು ರಷ್ಯಾದ ಪೆರ್ವುಶಿನ್, ಕೈಯಲ್ಲೇ ಲೆಕ್ಕ ಹಾಕಿ. ಇವತ್ತು ಅದು ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಕೂತಿದೆ. 64 ಬಿಟ್ ಪೈಥಾನ್ ತೆರೆದು 2⁶¹ − 1ರ ಹ್ಯಾಶ್ ಕೇಳಿ, 0 ಅನ್ನುತ್ತದೆ. 2⁶¹ರದು ಕೇಳಿ, 1 ಅನ್ನುತ್ತದೆ. ಸಂಖ್ಯೆಗಳ ಹ್ಯಾಶ್‌ಗೆ ಪೈಥಾನ್ ಬಳಸುವ ಮಾಡ್ ಇದೇ.

ಬೇಸ್ ಮಾತ್ರ ಪ್ರೋಗ್ರಾಂ ಓಡುವಾಗಲೇ ಯಾದೃಚ್ಛಿಕವಾಗಿ ಆರಿಸಿ. ಕೋಡ್‌ನಲ್ಲಿ 31 ಅಂತ ಬರೆದಿಟ್ಟರೆ ಅದನ್ನು ಓದಿದ ಯಾರು ಬೇಕಾದರೂ ನಿಮ್ಮ ಹ್ಯಾಶ್ ಮುರಿಯುವ ಇನ್‌ಪುಟ್ ತಯಾರಿಸಬಹುದು. ಇನ್ನು ಮಾಡ್ ಹಾಕದೆ 64 ಬಿಟ್ ಓವರ್‌ಫ್ಲೋಗೇ ಬಿಡುವ ಸೋಮಾರಿಗಳ ವಿಧಾನ ಇದೆಯಲ್ಲ, ಅಂದರೆ ಮಾಡ್ 2⁶⁴, ಅದಕ್ಕೆ ಬೇಸ್ ಯಾವುದಾದರೂ ಅಷ್ಟೇ. ಥೂ–ಮೋರ್ಸ್ ಅನ್ನುವ ಒಂದು ಸರಳ ಸಾಲು, ಎರಡು ಸಾವಿರ ಅಕ್ಷರ ಸಾಕು, ಪೂರ್ತಿ ಮಕಾಡೆ.

ಪಿ − 1 ಇಲ್ಲೂ ಒಂದು ಮೂಲೆಯಲ್ಲಿ ಇಣುಕುತ್ತದೆ. 998244353ರಲ್ಲಿ ದುರದೃಷ್ಟಕ್ಕೆ 86583718ನ್ನೇ ಬೇಸ್ ಆಗಿ ಆರಿಸಿಕೊಂಡರೆ ಅದರ ಚಕ್ರದ ಉದ್ದ 4, ನಾಲ್ಕು ಸ್ಥಾನ ಆಚೆಈಚೆ ಇರುವ ಎರಡು ಅಕ್ಷರಗಳನ್ನು ಅದಲುಬದಲು ಮಾಡಿದರೂ ಹ್ಯಾಶ್‌ಗೆ ಗೊತ್ತೇ ಆಗುವುದಿಲ್ಲ. ನೂರು ಕೋಟಿ ಏಳರಲ್ಲಿ 1 ಮತ್ತು −1 ಬಿಟ್ಟರೆ ಇಂಥ ಕೆಟ್ಟ ಬೇಸ್ ಇಲ್ಲ.

ಆಯ್ಲರನ ಪ್ರೈಮ್

2³¹ − 1 = 2147483647. ಇದನ್ನು ನೋಡದ ಪ್ರೋಗ್ರಾಮರ್ ಇಲ್ಲ, ಇಂಟ್‌ನ ಕೊನೆಯ ಬೆಲೆ. ಅದು ಪ್ರೈಮ್ ಕೂಡ ಅನ್ನುವುದು ಎಷ್ಟೋ ಜನರಿಗೆ ಹೊಳೆದಿರುವುದಿಲ್ಲ. 1772ರಲ್ಲಿ ಆಯ್ಲರ್ ಇದು ಪ್ರೈಮ್ ಅಂತ ಬರ್ನೌಲಿಗೆ ಬರೆದ ಪತ್ರದಲ್ಲಿ ತಿಳಿಸಿದ. 46340ರವರೆಗಿನ ಎಲ್ಲ ಪ್ರೈಮ್‌ಗಳಿಂದ ಭಾಗಿಸಿ ನೋಡುತ್ತಾ ಕೂರಲಿಲ್ಲ. ಇದಕ್ಕೆ ಭಾಜಕ ಇದ್ದರೆ ಅದನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಇರಲೇಬೇಕು ಅಂತ ಮೊದಲು ತೋರಿಸಿ, ಅಂಥವನ್ನು ಮಾತ್ರ ಪರೀಕ್ಷಿಸಿದ. 1867ರವರೆಗೆ ಜಗತ್ತಿಗೆ ಗೊತ್ತಿದ್ದ ಅತಿ ದೊಡ್ಡ ಪ್ರೈಮ್ ಇದೇ ಆಗಿತ್ತು.

ಆಯ್ಕೆಯಾಗಿ ಇದು ಹೇಗೆ? ಮಾಡ್ ಆಗಿ ನನಗೆ ಅಷ್ಟಕ್ಕಷ್ಟೇ. ಎರಡು ಶೇಷ ಕೂಡಿಸಿದರೆ ಇಂಟ್ ತುಂಬಿ ಚೆಲ್ಲುತ್ತದೆ, ಆ ಕಡೆ ನೂರು ಕೋಟಿ ಏಳು ಕೊಡುವ ಆರಾಮ ಇಲ್ಲ. ಶೇಷ ತೆಗೆಯುವುದು ಮಾತ್ರ 2⁶¹ − 1ರ ಹಾಗೇ ಸಲೀಸು. ಯಾದೃಚ್ಛಿಕ ಸಂಖ್ಯೆ ಹುಟ್ಟಿಸಲು ಹಿಂದೆ ಬಹಳ ಬಳಸುತ್ತಿದ್ದರು: ಹಿಂದಿನ ಸಂಖ್ಯೆಯನ್ನು 16807ರಿಂದ, ಅಂದರೆ 7⁵ರಿಂದ, ಗುಣಿಸಿ ಶೇಷ ತೆಗೆಯುವುದು. ಸಿ++ ಲೈಬ್ರರಿಯಲ್ಲಿ ಅದು ಈಗಲೂ ಇದೆ. ಒಂದು ಕಳೆದರೆ 2 × 3² × 7 × 11 × 31 × 151 × 331, ಅಂದರೆ ಮಡಿಕೆ ಒಂದೇ, ಎನ್‌ಟಿಟಿಗೆ ಪ್ರಯೋಜನವಿಲ್ಲ. ಆದರೆ ಒಂದು ಕಳೆಯುವ ಬದಲು ಒಂದು ಕೂಡಿಸಿ ನೋಡಿ. 2³¹! ಮೂವತ್ತೊಂದು ಮಡಿಕೆ ಆ ಕಡೆ ಅಡಗಿ ಕೂತಿತ್ತು. ಈ ಪ್ರೈಮಿನ ಮಾಡ್‌ನಲ್ಲಿ ವೃತ್ತದ ಮೇಲಿನ ಬಿಂದುಗಳನ್ನು ಎಣಿಸಿದರೆ ಪಿ + 1 ಬರುತ್ತದೆ, ಅದನ್ನೇ ಹಿಡಿದುಕೊಂಡು 2024ರಲ್ಲಿ ಸರ್ಕಲ್ ಸ್ಟಾರ್ಕ್ ಅನ್ನುವ ಪ್ರೂಫ್ ವಿಧಾನ ಬಂತು. ಎರಡೂವರೆ ಶತಮಾನದ ಹಳೆಯ ಪ್ರೈಮ್‌ಗೆ ಹೊಸ ಕೆಲಸ ಸಿಕ್ಕಿತು.

ಕೀ, ಸಹಿ, ಗುಟ್ಟು

ಇಲ್ಲಿ ಲೆಕ್ಕವೇ ಬೇರೆ. ಮೇಲೆ ಯಾವ ಮಡಿಕೆಗಳನ್ನು ಹೊಗಳಿದೆನೋ ಅವೇ ಇಲ್ಲಿ ಕಳ್ಳನಿಗೆ ಏಣಿ. ಡಿಫಿ–ಹೆಲ್ಮನ್ (ಇಬ್ಬರು ಎಲ್ಲರೆದುರೇ ಮಾತಾಡಿಕೊಂಡು ಒಂದು ಗುಟ್ಟಿನ ಕೀ ಒಪ್ಪಿಕೊಳ್ಳುವ ವಿಧಾನ) ಥರದ ವಿಧಾನಗಳಲ್ಲಿ ಪಿ − 1 ಚಿಕ್ಕಚಿಕ್ಕ ಅಪವರ್ತನಗಳಾಗಿ ಒಡೆದರೆ, ಗುಟ್ಟಿನ ಘಾತವನ್ನು ತುಂಡುತುಂಡಾಗಿ ಪತ್ತೆ ಹಚ್ಚಬಹುದು. 998244353ರಲ್ಲಿ ತುಂಡುಗಳು 2, 7, 17 ಮಾತ್ರ, ಕ್ಷಣದ ಕೆಲಸ. ನೂರು ಕೋಟಿ ಏಳಿಗೆ ರೂಪ ಸರಿಯಾಗಿದೆ, ಎರಡು ಪಟ್ಟು ಪ್ರೈಮ್ ಕೂಡು ಒಂದು, ಇದಕ್ಕೆ ಸೇಫ್ ಪ್ರೈಮ್ ಅಂತಲೇ ಹೆಸರು. ಆದರೆ ಗಾತ್ರ ಸಾಲದು, ಸುಮಾರು 32 ಸಾವಿರ ಬೆಲೆಗಳ ಪಟ್ಟಿ ಮಾಡಿಕೊಂಡರೆ ಗುಟ್ಟು ಬಯಲು. ನಿಜವಾಗಿ ಬಳಸುವ ಸೇಫ್ ಪ್ರೈಮ್‌ಗಳು 2048 ಬಿಟ್ ಅಥವಾ ಅದಕ್ಕೂ ದೊಡ್ಡವು. 2003ರಲ್ಲಿ ಆರ್‌ಎಫ್‌ಸಿ 3526 ಅನ್ನುವ ಇಂಟರ್ನೆಟ್ ನಿಯಮಗಳ ದಾಖಲೆಯಲ್ಲಿ ಕೊಟ್ಟಿರುವ ಪ್ರೈಮ್‌ಗಳ ನಡುವಿನ ಅಂಕಿಗಳನ್ನು π ಬೆಲೆಯಿಂದ ತೆಗೆದುಕೊಂಡಿದ್ದಾರೆ, ನಾವು ಏನೂ ಕಳ್ಳಾಟ ಆಡಿಲ್ಲ ಅಂತ ತೋರಿಸಲು.

ಫೋನಿನಲ್ಲಿ ಮೆಸೇಜ್ ಕಳಿಸುವಾಗ ಓಡುವುದು ಹೆಚ್ಚಾಗಿ 2²⁵⁵ − 19, 77 ಅಂಕಿಗಳ ಪ್ರೈಮ್. ಡೇನಿಯಲ್ ಬರ್ನ್‌ಸ್ಟೈನ್ ಅವರ ಕರ್ವ್25519 ಅನ್ನುವ ಕೀ ವಿನಿಮಯದ ಕರ್ವ್‌ಗೆ (ವಕ್ರರೇಖೆಗೆ) ಹೆಸರು ಬಂದಿರುವುದೇ ಇದರಿಂದ. ಅಲ್ಲಿ ಭದ್ರತೆ ನಿಂತಿರುವುದು ಪಿ − 1ರ ಮೇಲೂ ಅಲ್ಲ, ಕರ್ವ್ ಮೇಲಿನ ಬಿಂದುಗಳ ಸಂಖ್ಯೆಯ ಮೇಲೆ. ಅದು 8 ಗುಣಿಸು ಒಂದು ಬೃಹತ್ ಪ್ರೈಮ್. ನೀವು ಇಲ್ಲಿ ಆರಿಸುವುದೇನೂ ಇಲ್ಲ, ಇದ್ದ ಲೈಬ್ರರಿ ಬಳಸಿ.

“ಹಾಗಾದ್ರೆ ಎಲ್ಲಕ್ಕಿಂತ ದೊಡ್ಡ ಪ್ರೈಮ್ ಹಾಕಿದ್ರೆ?” ಅಂತ ಹುಡುಗ ಕೇಳಿದ. ಗೊತ್ತಿರುವುದರಲ್ಲಿ ದೊಡ್ಡದು 2¹³⁶²⁷⁹⁸⁴¹ − 1, 2024ರ ಅಕ್ಟೋಬರ್‌ನಲ್ಲಿ ಪ್ರಕಟವಾಯಿತು, ಲೂಕ್ ಡುರಾಂಟ್ ಕಂಡುಹಿಡಿದದ್ದು. 4 ಕೋಟಿ 10 ಲಕ್ಷ 24 ಸಾವಿರದ 320 ಅಂಕಿ. ಬರೆದಿಡಲೇ 17 ಎಂಬಿ ಬೇಕು ಮಾರಾಯ, ಮಾಡ್ ಎಲ್ಲಿ ಹಾಕ್ತೀಯ ಅಂದೆ.

ಟೈಪ್ ಮಾಡುವಾಗ

ಇದು ಚಿಕ್ಕ ವಿಷಯ, ಆದರೆ ಜನ ಜಾಸ್ತಿ ಬೀಳುವುದು ಇಲ್ಲೇ. 1000000007 ಬರೆಯುವಾಗ ಒಂದು ಸೊನ್ನೆ ಜಾಸ್ತಿ ಬಿದ್ದರೆ ಅದು ಪ್ರೈಮ್ ಅಲ್ಲ, ವಿಲೋಮಗಳೆಲ್ಲ ಕೆಡುತ್ತವೆ, ಬೇಗ ಸಿಕ್ಕಿಬೀಳುತ್ತೀರಿ. ಒಂದು ಸೊನ್ನೆ ಕಡಿಮೆಯಾದರೆ 100000007, ಅದೂ ಪ್ರೈಮ್! ಭಾಗಾಕಾರ ಎಲ್ಲ ಸರಿಯಾಗಿ ನಡೆಯುತ್ತದೆ, ಚಿಕ್ಕ ಉದಾಹರಣೆಗಳೂ ಪಾಸಾಗುತ್ತವೆ, ದೊಡ್ಡ ಉತ್ತರ ಮಾತ್ರ ತಪ್ಪು. ಸೊನ್ನೆ ಎಣಿಸುವ ಬದಲು ಹತ್ತರ ಘಾತವಾಗಿ ಬರೆದು 7 ಕೂಡಿಸಿ. ಪ್ರೈಮ್ ಹೌದೋ ಅಲ್ಲವೋ ನೋಡಬೇಕಾದರೆ 31622ರವರೆಗೆ ಭಾಗಿಸಿದರೆ ಸಾಕು. ಇಲ್ಲವೇ ಮಿಲ್ಲರ್–ರಾಬಿನ್ ಪರೀಕ್ಷೆ 2, 7, 61 ಈ ಮೂರು ಬೇಸ್‌ಗಳಲ್ಲಿ ಮಾಡಿ, 475 ಕೋಟಿಯವರೆಗಿನ ಯಾವ ಸಂಖ್ಯೆಗೂ ಉತ್ತರ ಖಚಿತ.

ಇಷ್ಟೆಲ್ಲ ಹೇಳಿ ಮುಗಿಸುವಾಗ ಹನ್ನೆರಡೂ ಕಾಲು. ಹುಡುಗ “ಆಯ್ತು ಮಾಮ, ಈಗ ಅರ್ಥ ಆಯ್ತು” ಅಂದು ಫೋನ್ ಇಟ್ಟ. ಹತ್ತು ನಿಮಿಷಕ್ಕೆ ಮೆಸೇಜ್: “ಇನ್ನೂ ತಪ್ಪು ಬರ್ತಿದೆ. ಉದ್ದ 4ರವರೆಗೆ ಸರಿ, 8ಕ್ಕೆ ಕೆಡತ್ತೆ.” ಜೊತೆಗೆ ಸ್ಕ್ರೀನ್‌ಶಾಟ್. ಎರಡು ಸಲ ಓದಿದೆ, ಕೋಡ್ ಸರಿಯಾಗಿಯೇ ಇತ್ತು. ಮೂರನೇ ಸಲ ಮೊದಲ ಸಾಲಿನ ಅಂಕಿಗಳನ್ನು ಒಂದೊಂದೇ ಬೆರಳಿಟ್ಟು ಓದಿದೆ. 998244853 ಅಂತ ಇತ್ತು. ಕೊನೆಯಿಂದ ಮೂರನೇ ಅಂಕಿ 3 ಇರಬೇಕಾದ ಕಡೆ 8. ಅದೂ ಪ್ರೈಮೇ. ಒಂದು ಕಳೆದರೆ 998244852, ನಾಲ್ಕರಿಂದ ಭಾಗವಾಗುತ್ತದೆ, ಎಂಟರಿಂದ ಆಗುವುದಿಲ್ಲ.